ಮುಟ್ಟಬೇಡ ಎಂದವಳ ಅಕ್ಕ

ಒತ್ತಕ್ಕ ಎಂಬುದು ಅವಳ ಹೆಸರಲ್ಲ. ಬೆನ್ನು ಒತ್ತುವ, ಕಾಲು ಒತ್ತುವ ಕೆಲಸದವಳೆಂದು ಯಾರೋ ತಮಾಷೆಗೆ ಅಂದದ್ದು ಹಾಗೇ ಅಂಟಿಕೊಂಡು, ಕೊನೆಗೆ ಮನೆ ಮಾಲೀಕರೂ ಹಾಗೆಯೇ ಕರೆಯತೊಡಗಿದರು. ಅವಳೇನೂ ಬೇಸರಪಟ್ಟುಕೊಳ್ಳಲಿಲ್ಲ. "ಒತ್ತೋಳನ್ನ ಒತ್ತಕ್ಕ ಅನ್ನದೆ ಎತ್ತಕ್ಕ ಅಂತಾರಾ?" ಎಂದು ತಾನೇ ನಗುತ್ತಿದ್ದಳು.

ಅವಳು ಕೆಲಸ ಮಾಡುತ್ತಿದ್ದುದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ಹಿಂದೆ ಎಕ್ಸ್‌ರೇ ತೆಗೆಯುತ್ತಿದ್ದ ಕೋಣೆಯಾದ್ದರಿಂದ ಅದಕ್ಕೆ ಕಿಟಕಿ ಇರಲಿಲ್ಲ. ಬಾಗಿಲು ಮಾತ್ರ ಕೋಟೆಬಾಗಿಲಿನಷ್ಟು ಭಾರ. ಒಳಗೆ ಎರಡು ಎತ್ತರದ ಮೇಜು, ನಡುವೆ ಹಸಿರು ಪರದೆ, ಮೂಲೆಯಲ್ಲಿ ಎಣ್ಣೆ ಬಾಟಲಿಗಳನ್ನು ಬೆಚ್ಚಗಿಡಲು ಬಿಸಿನೀರಿನ ಪಾತ್ರೆ. ಮೇಜಿನ ತಲೆಯ ಕಡೆ ಮುಖ ಇಡಲು ಒಂದು ತೂತು. ಬೋರಲು ಮಲಗಿದವರಿಗೆ ಅದರಿಂದ ಕಾಣುವುದು ನೆಲ, ಮತ್ತು ಒತ್ತುವವಳ ಪಾದ. ಹಾಗಾಗಿ ಎಷ್ಟೋ ಜನಕ್ಕೆ ಒತ್ತಕ್ಕನ ಮುಖಕ್ಕಿಂತ ಕಾಲಿನ ಪರಿಚಯವೇ ಹೆಚ್ಚು. ಒಮ್ಮೆ ಬಸ್ಸಿನಲ್ಲಿ ಹೆಂಗಸೊಬ್ಬಳು, ಬಿದ್ದ ಚೀಲ ಎತ್ತಿಕೊಳ್ಳಲು ಬಗ್ಗಿದವಳು, ಎದುರಿಗಿದ್ದ ಪಾದ ನೋಡಿ "ಅಯ್ಯೋ, ನೀವಾ!" ಎಂದು ಎದ್ದು ಜಾಗ ಬಿಟ್ಟುಕೊಟ್ಟಿದ್ದಳು.

ಮೊದಲೆಲ್ಲ ಅಲ್ಲಿಗೆ ಬರುತ್ತಿದ್ದವರು ಸೊಂಟ ಹಿಡಿದವರು, ಕತ್ತು ಉಳುಕಿಸಿಕೊಂಡವರು, ಪ್ಲಾಸ್ಟರ್ ಬಿಚ್ಚಿಸಿಕೊಂಡವರು. ಮನಸ್ಸಿನ ಕಾಯಿಲೆ ನೋಡುವ ಡಾಕ್ಟರಮ್ಮ ಮೇಲಿನ ಮಹಡಿಗೆ ಬಂದ ಮೇಲೆ ಬೇರೆ ಥರದವರೂ ಮೆಟ್ಟಿಲಿಳಿದು ಬರತೊಡಗಿದರು. ಎಲ್ಲಿ ನೋವು ಎಂದು ಕೇಳಿದರೆ ಇವರಿಗೆ ತೋರಿಸಲು ಬರುತ್ತಿರಲಿಲ್ಲ. ಬಟ್ಟೆ ಬದಲಿಸಿಕೊಳ್ಳಿ ಎಂದರೆ ಮಡಿಸಿಟ್ಟ ಟವೆಲನ್ನೇ ನೋಡುತ್ತ ನಿಂತುಬಿಡುತ್ತಿದ್ದರು.

ಡಾಕ್ಟರಮ್ಮ ಮೊದಲ ದಿನವೇ ಕೆಳಗಿಳಿದು ಬಂದು ಹೇಳಿದ್ದರು. "ನೋಡಿ, ಇದು ಮಾತ್ರೆ ಬದಲಿಗೆ ಅಲ್ಲ, ಮಾತ್ರೆ ಜೊತೆಗೆ. ಖಿನ್ನತೆ ಇರೋರಲ್ಲಿ ಕೆಲವರಿಗೆ ಮೈ ಕಲ್ಲಾಗಿಬಿಟ್ಟಿರುತ್ತೆ. ನಿದ್ದೆ ಇರಲ್ಲ, ಹಸಿವಿರಲ್ಲ. ಮೈ ಸ್ವಲ್ಪ ಸಡಿಲ ಆದ್ರೆ ಮನಸ್ಸಿಗೂ ಉಸಿರಾಡೋಕೆ ಜಾಗ ಸಿಗಬಹುದು. ಸಿಗದೇನೂ ಇರಬಹುದು. ವಾಸಿ ಮಾಡ್ತೀವಿ ಅಂತ ಮಾತ್ರ ಯಾರಿಗೂ ಮಾತು ಕೊಡಬೇಡಿ."

"ನೀವೇ ಕೊಡ್ತಿಲ್ಲ, ಇನ್ನು ನಾವೆಲ್ಲಿ ಕೊಡೋಣ!" ಎಂದಳು ಪರದೆಯಾಚೆಯ ಮೇಜಿನವಳು. ಅವಳನ್ನು ಎಲ್ಲರೂ ಮಾತಿನಮಲ್ಲಿ ಎನ್ನುತ್ತಿದ್ದರು. ಅವಳ ಕೈ ನಿಂತರೂ ಬಾಯಿ ನಿಲ್ಲುತ್ತಿರಲಿಲ್ಲ.

ಒತ್ತಕ್ಕ ಹಾಗಲ್ಲ. ಅವಳು ಮಾತಾಡದೆ ಒತ್ತುತ್ತಿದ್ದಳು. ಮನಸ್ಸು ಕುಸಿದವರಿಗೆ ಗಟ್ಟಿಯಾಗಿ ತಿಕ್ಕಬಾರದು, ನಿಧಾನ, ಒಂದೇ ಹದ. ಒಂದು ಕೈ ಎತ್ತುವ ಮೊದಲು ಇನ್ನೊಂದು ಮೈಮೇಲಿರಬೇಕು, ಬಿಟ್ಟುಹೋದರು ಅನ್ನಿಸಬಾರದು ಎಂದು ಅವಳು ಬರಬರುತ್ತ ಕಲಿತಳು. ಗಂಡನನ್ನು ಕಳೆದುಕೊಂಡು ವರ್ಷಗಳಾಗಿದ್ದ ನಿವೃತ್ತ ಟೀಚರೊಬ್ಬರು ಕೆಲವು ವಾರ ಬಂದ ಮೇಲೆ, ಸೀರೆ ಸರಿಮಾಡಿಕೊಳ್ಳುತ್ತ ಹೇಳಿದ್ದರು: "ಅವರು ಹೋದ ಮೇಲೆ ನನ್ನನ್ನ ಮುಟ್ಟಿದ್ದು ಅಂದ್ರೆ ಬಸ್ಸಿನ ನೂಕುನುಗ್ಗಲು ಒಂದೇ ಕಣಮ್ಮ." ಹಾಗೆಂದು ನಕ್ಕರು. ಒತ್ತಕ್ಕನಿಗೆ ನಗು ಬರಲಿಲ್ಲ. ಅವತ್ತು ಮನೆಗೆ ಹೋಗುವ ದಾರಿಯಲ್ಲಿ, ಎದುರು ಬರುವವರನ್ನೆಲ್ಲ ನೋಡುತ್ತ, ಇವರಲ್ಲಿ ಎಷ್ಟು ಜನರನ್ನು ಇವತ್ತು ಯಾರೂ ಮುಟ್ಟಿಲ್ಲವೋ ಎಂದುಕೊಂಡಳು.

ಅವಳಿಗೆ ಮದುವೆಯಾಗಿರಲಿಲ್ಲ. ಇದ್ದವಳು ಒಬ್ಬಳೇ ತಂಗಿ. ಅಮ್ಮ ತೀರಿಕೊಂಡಾಗ ತಂಗಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅಪ್ಪ ಇದ್ದೂ ಇಲ್ಲದ ಹಾಗೆ. ಮೀಯಿಸುವುದು, ತಲೆ ಬಾಚುವುದು, ಜ್ವರ ಬಂದರೆ ಮಡಿಲಲ್ಲಿ ಹಾಕಿಕೊಂಡು ಕೂರುವುದು, ಎಲ್ಲ ಅಕ್ಕನದೇ. ಎಣ್ಣೆ ಹಚ್ಚಲು ಕೂರಿಸಿದರೆ ತಂಗಿ ಹಾವಿನಂತೆ ನುಣುಚಿಕೊಂಡು ಓಡುತ್ತಿದ್ದಳು. ಬೆಳೆದ ಮೇಲೆ ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸಕ್ಕೆ ಸೇರಿದಳು. ಲಿಫ್ಟ್ ರಿಪೇರಿ ಮಾಡುವವನೊಬ್ಬನನ್ನು ತಾನೇ ಮೆಚ್ಚಿ ಮದುವೆಯಾದಳು. ಅವನು ಒಳ್ಳೆಯವನು, ಮಾತು ಕಡಿಮೆ. "ಊರಿಗೆಲ್ಲ ಕಣ್ಣು ಕೊಡ್ತೀನಿ, ನನ್ನ ಗಂಡನಿಗೆ ಮಾತ್ರ ಮೂಗಿನ ಮುಂದಿರೋ ಟವೆಲ್ ಕಾಣಲ್ಲ" ಎಂದು ತಂಗಿ ಬಂದಾಗಲೆಲ್ಲ ದೂರುತ್ತಿದ್ದಳು. ಆ ದೂರಿನಲ್ಲಿ ಎಷ್ಟು ಸುಖವಿತ್ತೆಂದರೆ, ಕೇಳುತ್ತ ಕೇಳುತ್ತ ಒತ್ತಕ್ಕನಿಗೆ ಕೈಯಲ್ಲಿದ್ದ ಚಹಾ ಆರಿದ್ದೂ ತಿಳಿಯುತ್ತಿರಲಿಲ್ಲ.

ತಂಗಿ ಬಸುರಾದಳು. ಊದಿದ ಕಾಲನ್ನು ಅಕ್ಕನ ತೊಡೆಮೇಲೆ ಚಾಚಿ, "ಪುಕ್ಕಟೆ ಸೇವೆ, ಸರಿಯಾಗಿ ಒತ್ತು" ಎನ್ನುತ್ತಿದ್ದಳು. ತಿಂಗಳು ತುಂಬಿದ ಮೇಲೆ ಒಂದು ಬೆಳಗ್ಗೆ ಹೊಟ್ಟೆಯಲ್ಲಿ ಅಲುಗಾಟವಿಲ್ಲವೆಂದು ಫೋನು ಬಂತು.

ಮಗು ಒಳಗೇ ತೀರಿಕೊಂಡಿತ್ತು. ಆಪರೇಷನ್ ಮಾಡಿ ತೆಗೆದರು. ತಂಗಿ ಮತ್ತಿನಲ್ಲಿದ್ದಳು. ಹೊರಗೆ ಅವಳ ಅತ್ತೆ, ಗಂಡ, ಒತ್ತಕ್ಕ ನಿಂತಿದ್ದರು. ನರ್ಸ್ ಬಿಳಿ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ತಂದಾಗ ಗಂಡ ಗೋಡೆಯ ಕಡೆ ತಿರುಗಿಕೊಂಡ. ಅತ್ತೆ ಸೆರಗು ಬಾಯಿಗೆ ತುರುಕಿಕೊಂಡರು. ಒತ್ತಕ್ಕ ಕೈ ಚಾಚಿದಳು. ಹೆಣ್ಣು ಮಗು.

"ತಾಯಿ ಎಚ್ಚರ ಆದ ಮೇಲೆ ತೋರಿಸ್ಬೇಕಾ?" ಎಂದು ನರ್ಸ್ ಕೇಳಿದಳು.

"ಬೇಡ ಬೇಡ. ನೋಡಿದ್ರೆ ಮರೆಯೋಕಾಗಲ್ಲ. ಕಾಣದೆ ಇದ್ರೆ ಬೇಗ ಮರೀತಾಳೆ" ಎಂದರು ಅತ್ತೆ. ಗಂಡನೂ ತಲೆಯಾಡಿಸಿದ. ಒತ್ತಕ್ಕನನ್ನೂ ಕೇಳಿದರು. ಅವಳು ಮಗುವಿನ ಮುಖ ನೋಡುತ್ತಿದ್ದವಳು, ನೀವು ಹೇಗೆ ಹೇಳ್ತೀರೋ ಹಾಗೆ, ಎಂದಳು. ಮಧ್ಯಾಹ್ನದ ಹೊತ್ತಿಗೆ ಗಂಡ ತನ್ನ ಚಿಕ್ಕಪ್ಪನ ಜೊತೆ ಹೋಗಿ ಮಣ್ಣು ಮಾಡಿ ಬಂದ.

ಮಗು ಹೋಯಿತೆಂದು ಮೈಗೆ ಯಾರು ಹೇಳಬೇಕು? ತಂಗಿಗೆ ಹಾಲು ಬಂತು. ಎದೆ ಕಲ್ಲಾಗಿ, ಮುಟ್ಟಿದರೆ ಜೀವ ಹೋಗುವಂತಾಯಿತು. ಒತ್ತಕ್ಕ ತಣ್ಣೀರು ಬಟ್ಟೆ ಹಾಕಿ, ಎದೆಯನ್ನು ಮೆಲ್ಲಗೆ ಒತ್ತಿ ಹಿಂಡಿ, ಹಾಲನ್ನು ಬಟ್ಟಲಿಗೆ ಹಿಡಿದು, ತಂಗಿಗೆ ಕಾಣದಂತೆ ಬಚ್ಚಲಿಗೆ ಸುರಿದು ಬರುತ್ತಿದ್ದಳು. ತಂಗಿ ಆ ಹೊತ್ತಿಗೆ ಅಕ್ಕನ ಕೈಯನ್ನೇ ಕಣ್ಣಿಟ್ಟು ನೋಡುತ್ತಿದ್ದಳು. ಹಾಲು ನಿಂತ ದಿನ ಹೇಳಿದಳು: "ಸಾಕು. ಇನ್ನು ನೀನು ನನ್ನ ಮುಟ್ಟಬೇಡ."

ನೋವಿಗೆ ಹಾಗಂದಿರಬೇಕು, ನಾಲ್ಕು ದಿನದಲ್ಲಿ ಸರಿಹೋಗುತ್ತಾಳೆ ಎಂದುಕೊಂಡಳು ಒತ್ತಕ್ಕ. ಸರಿಹೋಗಲಿಲ್ಲ. ಬಾಣಂತನದ ರಜೆ ಮುಗಿದರೂ ತಂಗಿ ಕೆಲಸಕ್ಕೆ ಹೋಗಲಿಲ್ಲ. ಹಾಸಿಗೆಯ ಗೋಡೆಯ ಬದಿಗೆ ಸರಿದು, ಸುಣ್ಣದ ಬಿರುಕು ನೋಡುತ್ತ ಮಲಗಿರುತ್ತಿದ್ದಳು. ತಲೆ ಬಾಚಿಕೊಳ್ಳುತ್ತಿರಲಿಲ್ಲ; ಅಕ್ಕ ಬಾಚಣಿಗೆ ಹಿಡಿದು ಬಂದರೆ ಮೈಯೆಲ್ಲ ಬಿಗಿಹಿಡಿದು "ಮುಟ್ಟಬೇಡ ಅಂದೆ" ಎನ್ನುತ್ತಿದ್ದಳು. ಗಂಡ ತಟ್ಟೆ ತಂದು ಪಕ್ಕದಲ್ಲಿಟ್ಟು, ಸ್ವಲ್ಪ ಹೊತ್ತು ನಿಂತು, ಕೆಲಸವಿಲ್ಲದಿದ್ದರೂ ಕೆಲಸವಿದೆಯೆಂದು ಹೊರಟುಹೋಗುತ್ತಿದ್ದ. ಕೆಟ್ಟ ಲಿಫ್ಟಿನಲ್ಲಿ ಸಿಕ್ಕಿಕೊಂಡವರನ್ನು ಎಳೆದು ಹೊರತೆಗೆಯುವುದು ಅವನಿಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ.

ಒಂದು ದಿನ ತಂಗಿ, ಕೇಳದೆಯೇ, ಗೋಡೆಗೆ ಹೇಳುವ ಹಾಗೆ ಹೇಳಿದಳು: "ಬೆಳಗಾಗೋದು ಯಾಕೆ ಅಂತಾನೇ ಅರ್ಥ ಆಗಲ್ಲ." ಒತ್ತಕ್ಕ ಹಿಂದೆಮುಂದೆ ನೋಡದೆ ಆಟೋ ಕರೆಸಿ ಅವಳನ್ನು ಡಾಕ್ಟರಮ್ಮನ ಮುಂದೆ ಕೂರಿಸಿದಳು.

ಮಾತ್ರೆ ಶುರುವಾಯಿತು. ವಾರಕ್ಕೊಮ್ಮೆ ಮಾತುಕತೆ. ಕೆಲವು ದಿನ ಕಳೆದು ಡಾಕ್ಟರಮ್ಮ, "ಕೆಳಗಡೆ ಮಸಾಜಿಗೆ ಹೋಗ್ತೀಯಾ? ಬಲವಂತ ಇಲ್ಲ" ಎಂದಾಗ ತಂಗಿ ಯೋಚಿಸಿ ಹೇಳಿದಳು: "ಅಕ್ಕ ಬೇಡ. ಇನ್ನೊಬ್ಬರಾದ್ರೆ ಹೋಗ್ತೀನಿ."

ಆ ಮಾತು ಕೇಳಿದಾಗ ಒತ್ತಕ್ಕ ಅಲ್ಲೇ ಬಾಗಿಲ ಬಳಿ ಇದ್ದಳು. ಊರಿನ ಮೈಯೆಲ್ಲ ಒತ್ತಿದವಳು. ಗುರುತು ಪರಿಚಯವಿಲ್ಲದವರು ಅವಳ ಕೈ ಕೆಳಗೆ ನಿದ್ದೆಹೋಗುತ್ತಿದ್ದರು. ಸಾಕಿ ಬೆಳೆಸಿದ ಮೈ ಮಾತ್ರ ಅವಳಿಗೆ ಬಾಗಿಲು ಹಾಕಿತ್ತು. ದೀಪದ ಬುಡದಲ್ಲೇ ಕತ್ತಲೆ ಎಂದು ಯಾರಾದರೂ ಆಡಿಕೊಂಡಾರು ಎಂಬ ಭಯವೇನೂ ಅವಳಿಗಿರಲಿಲ್ಲ. ಹಾಲು ಹಿಂಡಿದ ಕೈ ಎಂದು ತಂಗಿಗೆ ನನ್ನ ಕೈಮೇಲೆ ಹೇಸಿಗೆ ಹುಟ್ಟಿದೆ, ಅದು ಇನ್ನು ಹೋಗುವುದಿಲ್ಲ, ಎಂದು ಅವಳು ತನಗೆ ತಾನೇ ಒಂದು ಕಾರಣ ಕಟ್ಟಿಕೊಂಡು, ಅದನ್ನೇ ನುಂಗಿಕೊಂಡು ಓಡಾಡುತ್ತಿದ್ದಳು.

ತಂಗಿಗೆ ಒತ್ತುವವಳು ಮಾತಿನಮಲ್ಲಿಯಾದಳು. ಆ ಹೊತ್ತಿಗೆ ಒತ್ತಕ್ಕ ತನ್ನ ಮೇಜಿಗೆ ಯಾರನ್ನೂ ಕರೆಯದೆ, ಹೊರಗೆ ಬೆಂಚಿನ ಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ದಪ್ಪ ಬಾಗಿಲಿನಾಚೆಯಿಂದ ಮಲ್ಲಿಯ ಮಾತು ಗುಂಯ್‌ಗುಡುವುದು ಕೇಳುತ್ತಿತ್ತು. ಅತ್ತೆಯ ಕತೆ, ಬೆಕ್ಕಿನ ಕತೆ, ಪಕ್ಕದ ಮನೆಯವರ ನಲ್ಲಿಯ ಕತೆ. ಇಷ್ಟು ಮಾತಾಡಿದರೆ ಮೈ ಸಡಿಲವಾಗುವುದು ಹೇಗೆ ಎಂದು ಒತ್ತಕ್ಕ ಹಲ್ಲು ಕಚ್ಚಿಕೊಳ್ಳುತ್ತಿದ್ದಳು. ಆದರೆ ಅದೇ ಬೇಕಾಗಿತ್ತೋ ಏನೋ. ಉತ್ತರ ಬಯಸದ ಮಾತಿನ ಕೆಳಗೆ ತಂಗಿ ಹೊದ್ದುಕೊಂಡವಳಂತೆ ಮಲಗಿರುತ್ತಿದ್ದಳು. ಮೊದಮೊದಲು ಅರ್ಧಕ್ಕೇ ಎದ್ದು ಬರುತ್ತಿದ್ದವಳು ಪೂರ್ತಿ ಮಲಗತೊಡಗಿದಳು. ಆಮೇಲೊಂದು ದಿನ ಮಲ್ಲಿ ಹೊರಗೆ ಬಂದು ಪಿಸುಗುಟ್ಟಿದಳು:

"ಇವತ್ತು ಗೊರಕೆ ಹೊಡೆದಳು ಕಣೇ."

"ನಿಜವಾಗ್ಲೂ?"

"ಆಣೆ ಮಾಡ್ಲಾ? ನನ್ನ ಮಾತಿಗೆ ಗೊರಕೆ ಹೊಡೆಯೋದು ನನ್ನ ಗಂಡ ಒಬ್ಬನೇ ಅಂದುಕೊಂಡಿದ್ದೆ."

ಒತ್ತಕ್ಕ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟು, ಅದರ ಸದ್ದಿನಲ್ಲಿ ಅತ್ತಳು. ಸಂತೋಷಕ್ಕೋ ಹೊಟ್ಟೆಕಿಚ್ಚಿಗೋ ಅವಳಿಗೇ ತಿಳಿಯಲಿಲ್ಲ.

ತಂಗಿ ಊಟ ಮಾಡತೊಡಗಿದಳು. ತಾನೇ ತಲೆ ಬಾಚಿಕೊಂಡಳು. ಆದರೂ ಕಣ್ಣಿನಲ್ಲಿ ಬೆಳಕಿರಲಿಲ್ಲ. ಬದುಕುವುದನ್ನು ಯಾರೋ ಒಪ್ಪಿಸಿದ ಕೆಲಸದಂತೆ ಮಾಡುತ್ತಿದ್ದಳು. ಗಂಡ ದೂರದ ಊರಿನ ಕಟ್ಟಡಗಳ ಕೆಲಸ ಕೇಳಿ ಪಡೆದುಕೊಂಡು, ಮನೆಗೆ ಬರುವುದು ಕಡಿಮೆಯಾಗಿತ್ತು.

ಹಾಗಿರುವಾಗ ಒಂದು ದಿನ ಮಾತಿನಮಲ್ಲಿ ಗಂಟಲು ಕಟ್ಟಿ, ಜ್ವರ ಬಂದು ಕೆಲಸಕ್ಕೆ ಬರಲಿಲ್ಲ. ತಂಗಿ ಅದು ಗೊತ್ತಿಲ್ಲದೆ ಬಂದು ಬಾಗಿಲು ತಳ್ಳಿದಳು. ಒಳಗೆ ಅಕ್ಕ ಒಬ್ಬಳೇ.

"ಅವಳು ಇವತ್ತು ರಜ" ಎಂದಳು ಒತ್ತಕ್ಕ. "ಹೇಳಿ ಕಳಿಸೋಣ ಅಂದ್ರೆ ನೀನು ಆಗಲೇ ಹೊರಟಿದ್ದೆ. ಚಹಾ ಕುಡಿದು ಹೋಗು. ಆಟೋ ಕರೆಸ್ತೀನಿ."

ತಂಗಿ ಮೇಜನ್ನು ನೋಡಿದಳು. ಮಡಿಸಿಟ್ಟ ಟವೆಲನ್ನು ನೋಡಿದಳು. ಚಪ್ಪಲಿ ಬಿಟ್ಟು, "ಬೆನ್ನು ಬೇಡ. ಕಾಲು ಮಾತ್ರ" ಎಂದಳು.

ಒತ್ತಕ್ಕ ಎಣ್ಣೆ ಬಾಟಲಿ ತೆಗೆದುಕೊಂಡಳು. ಇಷ್ಟು ವರ್ಷದ ಕೆಲಸದಲ್ಲಿ ಎಣ್ಣೆ ಚೆಲ್ಲಿದವಳಲ್ಲ, ಅವತ್ತು ಚೆಲ್ಲಿದಳು. ತಂಗಿ ಬೋರಲು ಮಲಗಿ ತೂತಿಗೆ ಮುಖವಿಟ್ಟಳು. ಒತ್ತಕ್ಕ ಅವಳ ಪಾದವನ್ನು ಎರಡೂ ಅಂಗೈ ನಡುವೆ ಹಿಡಿದು ಸುಮ್ಮನೆ ನಿಂತಳು. ತಣ್ಣಗಿತ್ತು. ಹಿಡಿದು ಹಿಡಿದು ಬೆಚ್ಚಗಾದ ಮೇಲೆ, ಹಿಮ್ಮಡಿಯಿಂದ ಬೆರಳಿನವರೆಗೆ ಹೆಬ್ಬೆರಳು ಓಡಿಸಿದಳು. ಕೋಣೆಯಲ್ಲಿ ಬಿಸಿನೀರಿನ ಪಾತ್ರೆಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಒಂದು ಕಾಲು ಮುಗಿಯಿತು. ಇನ್ನೊಂದನ್ನು ಹಿಡಿದಾಗ ಮೇಜಿನ ಕೆಳಗಿನಿಂದ, ನೆಲದಿಂದಲೇ ಎದ್ದ ಹಾಗೆ, ತಂಗಿಯ ದನಿ ಬಂತು.

"ಅವಳ ಕಾಲು ಹೇಗಿತ್ತು?"

ಒತ್ತಕ್ಕನಿಗೆ ಯಾರ ಕಾಲು ಎಂದು ಕೇಳುವ ಅಗತ್ಯ ಬೀಳಲಿಲ್ಲ. ಕೈ ನಿಂತಿತು, ಆದರೆ ಎತ್ತಲಿಲ್ಲ.

"ಎಲ್ಲರೂ ನೋಡಿದ್ರಿ. ನೀನು ಎತ್ಕೊಂಡಿದ್ದೆ. ನಿನ್ನ ಕೈಗೆ ಗೊತ್ತು ಅವಳ ಭಾರ. ಹೊತ್ತಿದ್ದು ನಾನು, ನನ್ನ ಕೈಗೆ ಕೊಡ್ಲೇ ಇಲ್ಲ. ನೀನು ಮುಟ್ಟಿದಾಗೆಲ್ಲ ನನಗೆ ಅದೇ ಅಕ್ಕ. ಈ ಕೈಯಲ್ಲಿ ಅವಳಿದ್ದಳು, ಈ ಕೈಯಲ್ಲಿ ಅವಳಿದ್ದಳು ಅಂತ."

ಹಾಲಲ್ಲ. ಹೇಸಿಗೆಯೂ ಅಲ್ಲ. ಇಷ್ಟು ದಿನ ತಾನು ಎಲ್ಲಿ ನೋವೆಂದು ಗೊತ್ತಿಲ್ಲದೆ ಬೇರೆಲ್ಲೋ ಒತ್ತುತ್ತಿದ್ದೆನೆಂದು ಒತ್ತಕ್ಕನಿಗೆ ಆಗ ತಿಳಿಯಿತು.

"ತಪ್ಪಾಯ್ತು ಕಣೇ" ಎಂದಳು. "ಬೇಡ ಅಂತ ಅವರು ಅಂದ್ರು. ನಾನು ಹೂಂ ಅಂದೆ. ನಿನಗೆ ಕಷ್ಟ ಆಗಬಾರದು ಅಂತ..."

"ಹೇಗಿತ್ತು ಹೇಳು."

ಒತ್ತಕ್ಕ ಹೇಳಿದಳು. ಪಾದ ಅಗಲವಾಗಿತ್ತು, ನಮ್ಮ ಅಮ್ಮನ ಹಾಗೆ. ಎರಡನೇ ಬೆರಳು ಹೆಬ್ಬೆರಳಿಗಿಂತ ಉದ್ದ. ಉಗುರು ಬೆಳೆದಿತ್ತು. ತಲೆತುಂಬ ಕೂದಲು, ಇನ್ನೂ ಒದ್ದೆ ಇತ್ತು. ಕಿವಿ ಒಂದು ಮಡಿಸಿಕೊಂಡಿತ್ತು, ನಾನು ಬೆರಳಲ್ಲಿ ಬಿಡಿಸಿದೆ. ಮೂಗು ನಿನ್ನದು. ಹುಬ್ಬು ಅವನದು. ಭಾರ ಇದ್ದಳು, ಒಳ್ಳೆ ಭಾರ. ನಿದ್ದೆಮಾಡೋ ಮಗು ಹಾಗೇ ಕಂಡಳು, ಎಬ್ಬಿಸಿದ್ರೆ ಅಳ್ತಾಳೇನೋ ಅನ್ನಿಸ್ತು. ನಾನು ಎಬ್ಬಿಸೋಕೂ ನೋಡಿದೆ ಕಣೇ, ಯಾರೂ ನೋಡದಾಗ ಪಾದ ತಿಕ್ಕಿದೆ.

ತೂತಿನ ಕೆಳಗೆ ನೆಲದ ಮೇಲೆ ಹನಿ ಬೀಳತೊಡಗಿತು. ಅಷ್ಟು ತಿಂಗಳಲ್ಲಿ ತಂಗಿ ಅತ್ತಿರಲಿಲ್ಲ. ಮೊದಲು ಸದ್ದಿಲ್ಲದೆ, ಆಮೇಲೆ ಮೇಜು ಅಲುಗಾಡುವಂತೆ ಅತ್ತಳು. ಒತ್ತಕ್ಕ ಅವಳ ಪಾದಕ್ಕೆ ಹಣೆ ಹಚ್ಚಿ ನಿಂತಳು. ಮುಂದಿನ ರೋಗಿ ಬಾಗಿಲು ತಟ್ಟಿದರು. ಡಾಕ್ಟರಮ್ಮ ಮೇಲಿನಿಂದ ಇಳಿದು ಬಂದು, ಒಳಗಿನ ಅಳು ಕೇಳಿ, ಅವರನ್ನು ಇನ್ನೊಂದು ದಿನ ಬರಲು ಹೇಳಿ ಕಳಿಸಿದರು.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಅತ್ತ ಮರುದಿನ ತಂಗಿ ಹಾಸಿಗೆಯಿಂದ ಏಳಲೇ ಇಲ್ಲ. ಡಾಕ್ಟರಮ್ಮ ಮಾತ್ರೆ ಬದಲಿಸಿದರು. ಒತ್ತಕ್ಕನ ಮೇಲೆ ಅವಳಿಗೆ ಸಿಟ್ಟು ಹೋಗಿರಲಿಲ್ಲ; ಹೋಗುವ ಬದಲು ಆ ಸಿಟ್ಟಿಗೆ ಈಗ ಬಾಯಿ ಬಂದಿತ್ತು. "ನಿನಗೇನು, ನೀನು ನೋಡಿದ್ದೀಯಲ್ಲ" ಎಂದು ಊಟದ ನಡುವೆ ತಟ್ಟೆ ತಳ್ಳಿ ಏಳುತ್ತಿದ್ದಳು. ಒತ್ತಕ್ಕ ಆ ತಟ್ಟೆ ಮುಚ್ಚಿಡುತ್ತಿದ್ದಳು. ಬೈಯುವವಳು ಗೋಡೆ ನೋಡುವವಳಿಗಿಂತ ಮೇಲು ಎಂದು ಮಲ್ಲಿಯ ಹತ್ತಿರ ಹೇಳಿಕೊಳ್ಳುತ್ತಿದ್ದಳು. ಆದರೆ ತಂಗಿ ಮುಟ್ಟಬೇಡ ಎಂದು ಮತ್ತೆ ಅನ್ನಲಿಲ್ಲ. ವಾರಕ್ಕೊಮ್ಮೆ ಬಂದು, ಯಾರ ಮೇಜು ಎಂದು ಕೇಳದೆ, ಖಾಲಿ ಇದ್ದುದರ ಮೇಲೆ ಮಲಗುತ್ತಿದ್ದಳು.

ಸ್ವಲ್ಪ ಚೇತರಿಸಿಕೊಂಡ ಮೇಲೆ ಒಂದೇ ಮಾತು ಹಿಡಿದಳು: ಎಲ್ಲಿ ಹೂತಿದ್ದೀರಿ, ತೋರಿಸಿ.

ಗಂಡ ಒಂದು ಭಾನುವಾರ ಬಂದ. ಮೂವರೂ ಬಸ್ಸಿನಲ್ಲಿ ಊರ ಹೊರಗಿನ ಸ್ಮಶಾನಕ್ಕೆ ಹೋದರು. ಮಕ್ಕಳಿಗೆಂದು ಬಿಟ್ಟಿದ್ದ ಮೂಲೆ ಕಾಂಪೌಂಡಿನ ಆಚೆ ಬದಿಗಿತ್ತು. ಹೊಸದಾಗಿ ಮಣ್ಣು ತುಂಬಿಸಿ ಸಮ ಮಾಡಿದ್ದರು. ಒಂದು ಕಡೆ ನೀರಿನ ಟ್ಯಾಂಕಿಗೆ ಗೋಡೆ ಎದ್ದಿತ್ತು. ಗಂಡ ಗೋಡೆಯಿಂದ ಮರಕ್ಕೆ, ಮರದಿಂದ ಗೋಡೆಗೆ ನಡೆದ. "ಇಲ್ಲೊಂದು ಕಲ್ಲಿಟ್ಟಿದ್ದೆ" ಎಂದ. "ಇಲ್ಲೇ ಇರಬೇಕು. ಇಲ್ಲ, ಆ ಕಡೆ." ಚಿಕ್ಕಪ್ಪನಿಗೆ ಫೋನು ಮಾಡಿದ, ಅವರು ಹೇಳಿದ ಮರ ಅಲ್ಲಿರಲೇ ಇಲ್ಲ. ಕಾವಲುಗಾರ ಬಂದು, ಮಳೆಗೆ ಮಣ್ಣು ಕುಸಿದಿತ್ತು, ಲಾರಿಯಲ್ಲಿ ತಂದು ಸುರಿಸಿದರು, ಈಗ ಯಾರದು ಎಲ್ಲಿ ಅಂತ ಹೇಳೋರು ಯಾರು, ಎಂದ. ಗಂಡ ಬಿಸಿಲಿನಲ್ಲಿ ನಿಂತು, ಎರಡೂ ಕೈ ಇಳಿಬಿಟ್ಟು, ಮಗುವಿನ ಹಾಗೆ ಅಳತೊಡಗಿದ. ಅವನು ಅತ್ತದ್ದನ್ನು ತಂಗಿ ನೋಡಿದ್ದು ಅದೇ ಮೊದಲು.

ಅವಳು ನಿಂತಿದ್ದಲ್ಲೇ ಕೂತು, ಅಂಗೈಯನ್ನು ಮಣ್ಣಿನ ಮೇಲಿಟ್ಟಳು. ಸ್ವಲ್ಪ ದೂರ ಸರಿದು ಅಲ್ಲೂ ಇಟ್ಟಳು. ಹಾಗೇ ಆ ಮೂಲೆಯುದ್ದಕ್ಕೂ, ಒಂದು ಕೈ ಎತ್ತುವ ಮೊದಲು ಇನ್ನೊಂದು ಇಟ್ಟು, ಸರಿಯುತ್ತ ಹೋದಳು. ಒತ್ತಕ್ಕ ತಡೆಯಲೂ ಇಲ್ಲ, ಜೊತೆಗೆ ಕೂರಲೂ ಇಲ್ಲ. ಅದು ತಾಯಿಯ ಕೆಲಸ ಎಂದು ದೂರ ನಿಂತಳು.

ಮುಂದಿನ ವರ್ಷ ಗಂಡ ಹೆಂಡತಿ ಬೇರೆಯಾದರು. ಜಗಳವಾಡಿ ಅಲ್ಲ. ಒಬ್ಬರ ಮುಖ ಒಬ್ಬರು ನೋಡಿದರೆ ಇಬ್ಬರಿಗೂ ಅದೇ ಭಾನುವಾರ ಕಾಣುತ್ತಿತ್ತು. ತಂಗಿ ಬೇರೆ ಊರಿನ ಕನ್ನಡಕದ ಅಂಗಡಿಯಲ್ಲಿ ಕೆಲಸ ಹಿಡಿದಳು. ಅಂಗಡಿಯ ಮೇಲೇ ಒಂದು ಕೋಣೆ. ಅಕ್ಕನಿಗೆ ಓದುವ ಕನ್ನಡಕವೊಂದನ್ನು ತಾನೇ ಉಜ್ಜಿ ಕಳಿಸಿದಳು. "ನಿನಗೆ ವಯಸ್ಸಾಯ್ತು, ಒಪ್ಪಿಕೋ" ಎಂದು ಫೋನಿನಲ್ಲಿ ನಕ್ಕಳು. ಎರಡು ಮೂರು ವರ್ಷ ಹಾಗೇ ಸಾಗಿತು. ಮಾತ್ರೆ ಕಡಿಮೆಯಾಗಿ, ನಿಂತೂ ಹೋಯಿತು.

ಮಾತ್ರೆ ನಿಂತರೂ ಕಾಯಿಲೆ ಪೂರ್ತಿ ಹೋಗಿರಲಿಲ್ಲ. ಒಂದು ಬೆಳಗ್ಗೆ ಒತ್ತಕ್ಕ ಕೆಲಸಕ್ಕೆ ಹೊರಡುತ್ತಿದ್ದಾಗ ಫೋನು ಬಂತು. ಆಚೆಯಿಂದ ಬರೀ ಉಸಿರು. ಆಮೇಲೆ ತಂಗಿಯ ದನಿ, ತಗ್ಗಿದ, ಬಣ್ಣವಿಲ್ಲದ ದನಿ.

"ಅಕ್ಕ, ಮತ್ತೆ ಬಂದಿದೆ."

"ಯಾವಾಗಿಂದ?"

"ಗೊತ್ತಿಲ್ಲ. ಕೆಲಸಕ್ಕೆ ಹೋಗ್ತಿಲ್ಲ. ಡಾಕ್ಟರಮ್ಮಂಗೆ ನಾನೇ ಫೋನ್ ಮಾಡಿದೆ. ಇಲ್ಲೊಬ್ಬರ ಹೆಸರು ಹೇಳಿದಾರೆ, ನಾಳೆ ಹೋಗಬೇಕು. ಎದ್ದು ಹೋಗೋಕೆ ಆಗುತ್ತೋ ಇಲ್ವೋ. ನೀನು ಬರ್ತೀಯಾ?" ಎಂದಳು.

"ಬಾಗಿಲ ಚಿಲಕ ತೆಗೆದಿಟ್ಟು ಮಲಗು" ಎಂದಳು ಒತ್ತಕ್ಕ. "ಹೊರಟೆ."

ಮಾತಿನಮಲ್ಲಿಗೆ ಫೋನಿನಲ್ಲಿ ವಿಷಯ ಹೇಳಿದಳು. ಆ ದಿನ ಅವಳ ಮೇಜಿಗೆ ಬರಬೇಕಿದ್ದವರನ್ನೆಲ್ಲ ತಾನು ನೋಡಿಕೊಳ್ಳುತ್ತೇನೆಂದು ಮಲ್ಲಿ, ಯಾವತ್ತೂ ಇಲ್ಲದಂತೆ, ಒಂದೇ ಮಾತಿನಲ್ಲಿ ಮುಗಿಸಿದಳು. ಒತ್ತಕ್ಕ ಎರಡು ಸೀರೆ, ಒಂದು ಟವೆಲ್ ಚೀಲಕ್ಕೆ ತುಂಬಿದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ದಾರಿ ಉದ್ದವಿತ್ತು. ಊರು ದಾಟುವವರೆಗೂ ಅವಳು ತನ್ನ ಎರಡೂ ಅಂಗೈಗಳನ್ನು ಒಂದಕ್ಕೊಂದು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಲೇ ಇದ್ದಳು.